₹25,000 ಒಳಗೆ ಕಂಪ್ಯೂಟರ್: ಬಳಸಿದವರು ಅನುಭವ ತಿಳಿಸಿ

ತುಮಕೂರಿನ ಅಪ್ಪ: ಮಗಳು ಬಿ.ಕಾಂ. ಸೇರಿದ್ದಾಳೆ. ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಪಾಠ, ಇಷ್ಟೇ ಕೆಲಸ. ಮೇಜಿನ ಅರ್ಧದಲ್ಲಿ ಹೊಲಿಗೆ ಯಂತ್ರ ಕುಳಿತಿದೆ, ಉಳಿದಿರುವುದು ಎರಡಡಿ ಜಾಗ. ಹಳೆಯ ಲ್ಯಾಪ್‌ಟಾಪೋ, ಮಿನಿ ಪಿಸಿಯೋ, ಡೆಸ್ಕ್‌ಟಾಪೋ?

ನಿವೃತ್ತ ಮೇಷ್ಟ್ರು: 2022ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 17,500ಕ್ಕೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. ಇಂಟೆಲ್ ಐ5 ಪ್ರೊಸೆಸರ್, 6ನೇ ತಲೆಮಾರು. ಮೂರನೇ ತಿಂಗಳಿಗೆ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡನ್ನೇ ಮೇಲೆತ್ತಿತು. ಮೇಜಿನ ಮೇಲಿಟ್ಟರೆ ಬುಗುರಿಯಂತೆ ತಿರುಗುತ್ತಿತ್ತು. ಬ್ಯಾಟರಿಗೆ 2,800. ಹಾರ್ಡ್ ಡಿಸ್ಕ್ ಕಟಕಟ ಎನ್ನತೊಡಗಿತು, ಎಸ್‌ಎಸ್‌ಡಿ ಹಾಕಿಸಿದೆ, 2,200. ಹಿಂಜ್ 1,500. ಚಾರ್ಜರ್ 900. ಒಟ್ಟು 24,900. ಅಷ್ಟಕ್ಕೆ ಹೊಸದೇ ಬರುತ್ತಿತ್ತಲ್ಲ ಎಂದು ಹೆಂಡತಿ ಈಗಾಗಲೇ ಹೇಳಿದ್ದಾಳೆ, ನೀವು ಹೇಳುವುದು ಬೇಡ. ಅಣ್ಣನ ಮಗ ಆ ಬೆಲೆಗೆ ಹೊಸದನ್ನೇ ತಂದ: 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಡಿಸ್ಕ್ ಬದಲಿನ ಅಗ್ಗದ ಮೆಮೊರಿ ಚಿಪ್), ಎರಡೂ ಬೋರ್ಡಿಗೇ ಬೆಸುಗೆ. ವಿಂಡೋಸ್ ಅಪ್‌ಡೇಟ್ ಇಳಿಸಲು ಪ್ರತಿ ಸಲ ಮದುವೆಯ ಫೋಟೊ ಅಳಿಸುತ್ತಾನೆ. ನನ್ನದನ್ನು ಸ್ಕ್ರೂಡ್ರೈವರ್ ಹಿಡಿದು ಪೂರ್ತಿ ಬಿಚ್ಚಬಹುದು.

ಅಂಗೈ ಪಿಸಿ: ಬಿಚ್ಚುವುದೇ ಸಾಧನೆಯಾದರೆ ಗಡಿಯಾರ ಕೊಳ್ಳಿ ಮೇಷ್ಟ್ರೇ. ನಾನು 14,000ಕ್ಕೆ ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿ ಡಬ್ಬಿ ತಂದೆ. ನಾಲ್ಕು ಕೋರ್, ಪ್ರೊಸೆಸರ್ 6 ವ್ಯಾಟಿನದು. ಮಾನಿಟರ್ ಬೆನ್ನಿಗೆ ನೇತುಹಾಕಿದ್ದೇನೆ, ಬಂದವರು ಕಂಪ್ಯೂಟರ್ ಎಲ್ಲಿದೆ ಎಂದು ಕೇಳುತ್ತಾರೆ. 40 ಟ್ಯಾಬ್ ತೆರೆದಿದ್ದರೂ ಫ್ಯಾನಿನ ಸದ್ದಿಲ್ಲ. ರ‍್ಯಾಮ್‌ಗೆ ಒಂದೇ ಸ್ಲಾಟ್, ಒಪ್ಪುತ್ತೇನೆ. ನನಗೆ ಸಾಕು.

ನಿವೃತ್ತ ಮೇಷ್ಟ್ರು: ಮಾನಿಟರ್ ಮಾವನ ಮನೆಯಿಂದ ಬಂತೇ? ಕೀಬೋರ್ಡ್, ಯುಪಿಎಸ್? ಲೆಕ್ಕ ಪೂರ್ತಿ ಬರೆಯಿರಿ.

ಅಂಗೈ ಪಿಸಿ: ಮಾನಿಟರ್ ಮೊದಲೇ ಇತ್ತು. ಯುಪಿಎಸ್ 2,900, ಕೀಬೋರ್ಡ್ ಮೌಸ್ 750. ಮುಚ್ಚಿಡುವಂಥದ್ದೇನೂ ಇಲ್ಲ.

ಹುಬ್ಬಳ್ಳಿ ಡಿಟಿಪಿ: ಒಂದು ವರ್ಷ ಕಳೆಯಲಿ, ಆಮೇಲೆ ಮಾತನಾಡೋಣ. ನಾನೂ ಜಾಗ ಉಳಿಯುತ್ತದೆಂದು ಅಂಥದೇ ಡಬ್ಬಿ ತಂದಿದ್ದೆ. ಒಂದು ಸಂಜೆ ಕರೆಂಟ್ ಹೋಗಿ ಬಂತು, ಬೋರ್ಡ್ ಸುಟ್ಟಿತು. ರಿಪೇರಿಗೆ ಕಳಿಸಿದ್ದು ಬರಲು 38 ದಿನ. ಲಗ್ನಪತ್ರಿಕೆಗಳ ಕಾಲ, 38 ದಿನ! ಕೊನೆಗೆ ಬಂದ ಉತ್ತರ, ‘ಬೋರ್ಡ್ ಸಿಗುವುದಿಲ್ಲ’. ನನ್ನ ಡಿಟಿಪಿ ಅಂಗಡಿಯಲ್ಲೇ 2016ರ ಡೆಸ್ಕ್‌ಟಾಪ್ ಇಂದಿಗೂ ಓಡುತ್ತಿದೆ. ಪವರ್ ಸಪ್ಲೈ ಹೋಯಿತು, 1,800 ಕೊಟ್ಟು ಅಂದೇ ರಾತ್ರಿ ಕೆಲಸಕ್ಕೆ ಕೂತೆ. ಗಾತ್ರ ದೊಡ್ಡದು, ನಿಜ. ಅದರ ಮೇಲೆ ಬೆಕ್ಕು ಮಲಗುತ್ತದೆ.

ಪೆಂಗ್ವಿನ್: 2016ರದ್ದೇ? ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬೆರಳೆಣಿಕೆಯ ಪ್ರೊಸೆಸರ್ ಬಿಟ್ಟರೆ ವಿಂಡೋಸ್ 11 ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ನಿಮ್ಮದೂ ಮೇಷ್ಟ್ರದ್ದೂ ಗುಜರಿಯೇ. ವಿಂಡೋಸ್ ತೆಗೆದು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ. ನನ್ನ 2013ರ ಯಂತ್ರ ಅದರಲ್ಲೇ ಓಡುತ್ತಿದೆ.

ನಿವೃತ್ತ ಮೇಷ್ಟ್ರು: ಗುಜರಿ ಎನ್ನುವ ಮೊದಲು ಹಿರಿಯರೊಡನೆ ಮಾತನಾಡುತ್ತಿದ್ದೀರಿ ಎಂಬುದು ನೆನಪಿರಲಿ.

ಹುಬ್ಬಳ್ಳಿ ಡಿಟಿಪಿ: ನುಡಿ ತಂತ್ರಾಂಶದಲ್ಲಿ ಹತ್ತು ವರ್ಷ ಕೂಡಿಸಿದ ಫೈಲ್‌ಗಳಿವೆ, ಎಲ್ಲ ಹಳೆಯ ಆಸ್ಕಿ ಫಾಂಟ್, ಆ ಫಾಂಟ್ ಇಲ್ಲದ ಕಡೆ ಅಕ್ಷರ ಕೆಡುತ್ತದೆ. ಲಿನಕ್ಸ್‌ನಲ್ಲಿ ನೀವು ಬಂದು ತೆರೆದುಕೊಡುತ್ತೀರಾ?

ಪೆಂಗ್ವಿನ್: ಹತ್ತು ವರ್ಷದಿಂದ, ಎಲ್ಲ ಯಂತ್ರದಲ್ಲೂ ಓದಬಹುದಾದ ಯೂನಿಕೋಡ್‌ಗೆ ಬನ್ನಿ ಎಂದು ಎಲ್ಲರೂ ಕೂಗುತ್ತಿದ್ದರಲ್ಲ, ಆಗ ಎಲ್ಲಿದ್ದಿರಿ?

ಹುಬ್ಬಳ್ಳಿ ಡಿಟಿಪಿ: ದುಡಿಯುತ್ತಿದ್ದೆ.

ತುಮಕೂರಿನ ಅಪ್ಪ: ಎಲ್ಲರಿಗೂ ವಂದನೆ. ಮನೆಯಲ್ಲಿ ಮಾನಿಟರ್ ಇಲ್ಲ. ಸಂಜೆ ಕರೆಂಟ್ ಹೋಗುತ್ತದೆ, ಆ ಹೊತ್ತಿಗೇ ಪಾಠ. ಟ್ಯಾಲಿ ಲಿನಕ್ಸ್‌ನಲ್ಲಿ ಓಡುತ್ತದೆಯೇ?

ಅಂಗೈ ಪಿಸಿ: ನೇರವಾಗಿ ಓಡುವುದಿಲ್ಲ, ವಿಂಡೋಸ್ ಬೇಕು. ಮಾನಿಟರ್ ಹಳೆಯದು 3,000ಕ್ಕೆ ಸಿಗುತ್ತದೆ ನೋಡಿ.

ನಿವೃತ್ತ ಮೇಷ್ಟ್ರು: ಬ್ಯಾಟರಿ ಇರುವುದು ಲ್ಯಾಪ್‌ಟಾಪಿಗೆ ಮಾತ್ರ, ಅಪ್ಪನವರೇ. 8ನೇ ತಲೆಮಾರಿನದನ್ನು ಹುಡುಕಿ. ಅಂಗಡಿಯಲ್ಲೇ ತಲೆಕೆಳಗೆ ಮಾಡಿ, ತಳ ಉಬ್ಬಿದೆಯೇ ಎಂದು ಅಂಗೈಯಿಂದ ಸವರಿ.

ಹುಬ್ಬಳ್ಳಿ ಡಿಟಿಪಿ: ಪೆಂಗ್ವಿನ್ ಅವರೇ, ಎಲ್ಲಿ ಹೋದಿರಿ? ಒಂದು ಲಗ್ನಪತ್ರಿಕೆ ಕಳಿಸುತ್ತೇನೆ. ನಿಮ್ಮ 2013ರ ಯಂತ್ರದಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ ನೋಡಿ ಹೇಳಿ.