ಅಪ್‌ಡೇಟ್: ಟರ್ಕಿ ಬೇಟೆಗೆ 12 ಗೇಜೋ, 20 ಗೇಜೋ?

ಅಮೆರಿಕದಲ್ಲಿ ವಸಂತದ ಟರ್ಕಿ ಕೋಳಿ ಬೇಟೆಗೆ ಯಾವ ಗೇಜಿನ (ನಳಿಕೆಯ ಅಗಲದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನಳಿಕೆ ಕಿರಿದು) ಬಂದೂಕು ಎಂದು ಕೇಳಿದ್ದೆ. 3 ಇಂಚಿನ ತೋಟಾ ಹಿಡಿಯುವ 20 ಗೇಜ್ ಆರಿಸಿದೆ. ಈ ಆಯ್ಕೆಗೆ ಕಾರಣ ಟಂಗ್‌ಸ್ಟನ್ ಎಂಬ ಭಾರ ಲೋಹದ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು): ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.3 ಗ್ರಾಂ, ಇದರದ್ದು ಸುಮಾರು 18. ಹಾಗಾಗಿ 9ನೇ ನಂಬರಿನ ಸಣ್ಣ ಚರೆಯೂ ಆಳಕ್ಕೆ ಇಳಿಯುತ್ತದೆ. ಔನ್ಸಿಗೆ 360ರಷ್ಟು ಕಾಳು ಸಿಗುತ್ತವೆ. ಬೆಲೆ ಮಾತ್ರ ವಿಪರೀತ. ಸೀಸವೇ ಸಾಕೆನ್ನುವವರಿಗೆ 12 ಗೇಜೇ ಸರಿ.

40 ಗಜದಲ್ಲಿ ಕಾಗದಕ್ಕೆ ಹೊಡೆದು ನೋಡಿ: 10 ಇಂಚಿನ ವೃತ್ತದೊಳಗೆ ಕನಿಷ್ಠ 100 ಚರೆ ಬೀಳಬೇಕು. ಚೋಕ್ (ಚರೆಯ ಹರಡಿಕೆ ಕಿರಿದಾಗಿಸಲು ನಳಿಕೆಯ ತುದಿಗೆ ಹಾಕುವ ಕೊಳವೆ) ಅತಿ ಬಿಗಿಯಾದರೆ ಹರಡಿಕೆಯಲ್ಲಿ ಖಾಲಿ ಜಾಗ ಉಳಿಯುತ್ತದೆ. ಟಂಗ್‌ಸ್ಟನ್‌ಗೆ ಒಪ್ಪುವ ಚೋಕನ್ನೇ ಹಾಕಿ. 15 ಗಜದೊಳಗೆ ಹರಡಿಕೆ ತೀರಾ ಕಿರಿದು, ಗುರಿ ಸುಲಭವಾಗಿ ತಪ್ಪುತ್ತದೆ. ಅದಕ್ಕೇ ರೆಡ್ ಡಾಟ್ (ಕೆಂಪು ಚುಕ್ಕಿಯಿಂದ ಗುರಿ ತೋರಿಸುವ ಸಾಧನ) ಕೂರಿಸಿದ್ದೇನೆ. ಚರೆಯ ಗಾತ್ರದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ; ತೋಟಾ ಕೊಳ್ಳುವ ಮೊದಲೇ ನೋಡಿಕೊಳ್ಳಿ.