‘ನಮ್ಮಲ್ಲಿ ನಾಲ್ಕು ಕೋಣೆಗಳಿವೆ’ ಎನ್ನುವಲ್ಲಿ ‘ಹ್ಯಾವಿಂಗ್’ ಏಕೆ ಸಲ್ಲದು?

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಅಡಿಕೆ ತೋಟದ ಅಂಚಿನ ಹಳೆಯ ಹೆಂಚಿನ ಮನೆಯನ್ನೇ ರಿಪೇರಿ ಮಾಡಿಸಿ ಅತಿಥಿಗಳಿಗೆ ಕೊಡುತ್ತಿದ್ದೇವೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆದರೂ ಹೊರರಾಜ್ಯಗಳಿಂದ ಬರುವವರಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವ ಕೆಲಸ ನನ್ನದೇ. ಜಗಲಿಯ ಗೋಡೆಗೆ ಹಾಕಿಸಿದ ಬೋರ್ಡಿನ ಮೊದಲ ಸಾಲು ‘ವಿ ಆರ್ ಹ್ಯಾವಿಂಗ್ ಫೋರ್ ರೂಮ್ಸ್’ ಎಂದಿತ್ತು. ಕಳೆದ ವಾರ ಬಂದಿದ್ದ ಹಿರಿಯರೊಬ್ಬರು ಅದನ್ನು ಓದಿ, ‘ವಿ ಹ್ಯಾವ್ ಫೋರ್ ರೂಮ್ಸ್’ ಎಂದಿರಬೇಕು ಎಂದು ಮೆಲ್ಲಗೆ ತಿಳಿಸಿದರು. ಒಪ್ಪಿಕೊಂಡೆ. ಆದರೆ ಅದೇ ಸಂಜೆ ಅವರು ಅದೇ ಜಗಲಿಯಲ್ಲಿ ಕುಳಿತು, ಮಗಳಿಗೆ ಫೋನಿನಲ್ಲಿ ‘ವಿ ಆರ್ ಹ್ಯಾವಿಂಗ್ ಕಾಫಿ’ ಎಂದೂ ‘ವಿ ಆರ್ ಹ್ಯಾವಿಂಗ್ ಎ ಲವ್ಲಿ ಟೈಮ್’ ಎಂದೂ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಕೋಣೆಗೆ ಸಲ್ಲದ್ದು ಕಾಫಿಗೆ ಹೇಗೆ ಸಲ್ಲುತ್ತದೆ? ನಿಯಮವನ್ನಷ್ಟೇ ಹೇಳದೆ, ಕಾರಣವನ್ನೂ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಅಧ್ಯಾಪಕ, ಸಾಗರ

ತಾಯೀ, ಆ ಹಿರಿಯರು ಹೇಳಿದ್ದು ಎರಡು ಕಡೆಯೂ ಸರಿಯಾಗಿದೆ. ‘ಹ್ಯಾವ್’ ಎನ್ನುವುದು ನೋಡಲು ಒಂದೇ ಕ್ರಿಯಾಪದ, ಆದರೆ ಮಾಡುವ ಕೆಲಸ ಬೇರೆ ಬೇರೆ. ಕೋಣೆ, ತೋಟ, ತಂಗಿ, ತಲೆನೋವು ಇವೆಲ್ಲ ‘ಇರುವ’ ಸಂಗತಿಗಳು. ನಾವು ಮಲಗಿದ್ದಾಗಲೂ ನಾಲ್ಕು ಕೋಣೆಗಳು ನಾಲ್ಕಾಗಿಯೇ ಇರುತ್ತವೆ, ಅಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ. ಇಂಥ ಇರುವಿಕೆಗೆ ಇಂಗ್ಲಿಷ್ ಭಾಷೆ ಸಾಮಾನ್ಯವಾಗಿ ‘ಇಂಗ್’ ರೂಪವನ್ನು ಕೊಡುವುದಿಲ್ಲ. ಕಾಫಿಯ ಮಾತಿನಲ್ಲಿ ‘ಹ್ಯಾವ್’ ಎಂದರೆ ಕುಡಿಯುವುದು. ಲೋಟ ಕೈಗೆ ಬಂದಾಗ ಶುರುವಾಗಿ, ಖಾಲಿಯಾದಾಗ ಮುಗಿಯುವ ಕೆಲಸವದು. ಆದ್ದರಿಂದ ನಡೆಯುತ್ತಿರುವಾಗ ‘ಹ್ಯಾವಿಂಗ್’ ಎನ್ನಬಹುದು.

ನಮ್ಮ ಮಕ್ಕಳು ಎಡವುವುದಕ್ಕೆ ಕನ್ನಡದ ‘ಇದೆ’ಯೇ ಕಾರಣವೆಂದು ನನಗೆ ಅನ್ನಿಸಿದೆ. ‘ಇರುತ್ತದೆ’ ಎಂದರೆ ವಾಡಿಕೆ, ‘ಇದೆ’ ಎಂದರೆ ಈ ಹೊತ್ತಿನದು ಎಂಬ ಭೇದ ನಮ್ಮ ಕಿವಿಗೆ ಚೆನ್ನಾಗಿ ಗೊತ್ತು. ಈ ಹೊತ್ತಿನದನ್ನು ಇಂಗ್ಲಿಷಿನಲ್ಲಿ ಹೇಳಲು ‘ಇಂಗ್’ ಬೇಕೆಂದು ಶಾಲೆಯಲ್ಲಿ ಕಲಿತಿರುತ್ತೇವೆ. ಎರಡನ್ನೂ ಕೂಡಿಸಿದಾಗ ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಹುಟ್ಟುತ್ತದೆ. ಇದು ಅಜ್ಞಾನದ ತಪ್ಪಲ್ಲ, ತಾಯಿನುಡಿಯ ಲೆಕ್ಕವನ್ನು ಪ್ರಾಮಾಣಿಕವಾಗಿ ಅತ್ತ ಒಯ್ದದ್ದರ ಫಲ.

ಇನ್ನೊಂದು ಮಾತು. ‘ವಿ ಆರ್ ಹ್ಯಾವಿಂಗ್ ಹೆವಿ ರೇನ್’ ಎಂದು ಆಗುಂಬೆಯ ಮಳೆಯ ಬಗ್ಗೆ ಬರೆದರೆ ಅದನ್ನು ಯಾರೂ ತಿದ್ದಬೇಕಿಲ್ಲ. ಮಳೆಯನ್ನು ಯಾರೂ ತಮ್ಮ ಬಳಿ ಇಟ್ಟುಕೊಂಡಿರುವುದಿಲ್ಲ. ಅದು ನಮ್ಮ ಮೇಲೆ ನಡೆಯುತ್ತಿರುವ ಸಂಗತಿ. ಕರೆಂಟಿನ ತೊಂದರೆಗೂ ಇದೇ ಮಾತು ಅನ್ವಯಿಸುತ್ತದೆ.

ಉತ್ತರ: ಅನುವಾದಕಿ, ಶಿವಮೊಗ್ಗ

ಮೇಷ್ಟ್ರ ವಿವರಣೆಗೆ ನನ್ನ ಒಪ್ಪಿಗೆಯಿದೆ. ಅನುವಾದ ಮಾಡುವಾಗ ಪದೇ ಪದೇ ಎದುರಾಗುವ ಒಂದು ಅಂಶವನ್ನು ಸೇರಿಸುತ್ತೇನೆ. ‘ಹ್ಯಾವ್’ಗೆ ನೇರವಾಗಿ ಸಮನಾಗುವ ಕ್ರಿಯಾಪದ ಕನ್ನಡದಲ್ಲಿ ಇಲ್ಲ. ‘ನನಗೆ ಇಬ್ಬರು ತಂಗಿಯರಿದ್ದಾರೆ’, ‘ನನ್ನ ಹತ್ತಿರ ದುಡ್ಡಿದೆ’, ‘ನಮ್ಮಲ್ಲಿ ಕೋಣೆಗಳಿವೆ’ ಎಂದು ನಂಟಿಗೊಂದು, ಕೈಯಲ್ಲಿರುವ ವಸ್ತುವಿಗೊಂದು, ಮನೆಯಲ್ಲಿರುವುದಕ್ಕೊಂದು ರೀತಿಯಲ್ಲಿ ಹೇಳುತ್ತೇವೆ. ‘ನನ್ನ ಹತ್ತಿರ ಇಬ್ಬರು ತಂಗಿಯರಿದ್ದಾರೆ’ ಎಂದರೆ ಕೇಳಿದವರು ತಬ್ಬಿಬ್ಬಾಗುತ್ತಾರೆ. ಇಂಗ್ಲಿಷಿಗೆ ಈ ಭೇದವೇ ಬೇಕಿಲ್ಲ. ಎಲ್ಲಕ್ಕೂ ಒಂದೇ ‘ಹ್ಯಾವ್’ ಸಾಕು.

ನನಗೆ ಬಹಳ ಇಷ್ಟವಾದ ಹೊಂದಾಣಿಕೆಯೊಂದಿದೆ. ಇಂಗ್ಲಿಷಿನಲ್ಲಿ ‘ಹ್ಯಾವ್’ ಮಾಡುವ ಮೂರು ದೊಡ್ಡ ಕೆಲಸಗಳನ್ನು ಕನ್ನಡದಲ್ಲಿ ‘ಇರು’ ಧಾತುವೇ ಹೊತ್ತಿದೆ. ‘ತೋಟವಿದೆ’ ಎನ್ನುವುದರಲ್ಲಿ ಅದಿದೆ. ‘ಬರೆದಿದ್ದೇನೆ’ ಎಂಬುದನ್ನು ಬಿಡಿಸಿದರೆ ‘ಬರೆದು ಇದ್ದೇನೆ’ ಎಂದಾಗುತ್ತದೆ. ‘ಐ ಹ್ಯಾವ್ ರಿಟನ್’ ಎಂಬುದರ ಜಾಗ ಅದೇ. ನಮ್ಮ ಕಡೆಯವರು ‘ನಾಳೆ ಪೇಟೆಗೆ ಹೋಗಲಿಕ್ಕಿದೆ’ ಎನ್ನುವಾಗ ‘ಹ್ಯಾವ್ ಟು ಗೋ’ ಕೂಡ ‘ಇರು’ವಿಗೇ ಬಂದು ಸೇರುತ್ತದೆ. ಎರಡು ಬೇರೆ ಬೇರೆ ಕುಟುಂಬದ ಭಾಷೆಗಳು ಒಂದೊಂದೇ ಪದದ ಮೇಲೆ ಇಷ್ಟು ಭಾರ ಹೊರಿಸಿರುವುದನ್ನು ಕಂಡಾಗಲೆಲ್ಲ ಸಂತೋಷವಾಗುತ್ತದೆ.

ಆದರೆ ಎಲ್ಲ ಕಡೆಯೂ ಇದು ಹೊಂದುವುದಿಲ್ಲ. ‘ನಿನ್ನೆಯೇ ದಾರಿಯ ನಕ್ಷೆ ಕಳಿಸಿದ್ದೇನೆ’ ಎನ್ನುವುದು ಒಳ್ಳೆಯ ಕನ್ನಡ. ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ಎನ್ನುವುದು ಸರಿಯಾದ ಇಂಗ್ಲಿಷ್ ಅಲ್ಲ. ನಿನ್ನೆ, ಸೋಮವಾರ, 2019ರಲ್ಲಿ ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಬಿಟ್ಟು ‘ಐ ಸೆಂಟ್’ ಎನ್ನಬೇಕು.

ಮರುಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ

ಮೇಷ್ಟ್ರಿಗೂ ಅಕ್ಕನವರಿಗೂ ಧನ್ಯವಾದಗಳು. ನಕ್ಷೆಯ ತಪ್ಪನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ‘ಹ್ಯಾವ್ ಟು’ ಪ್ರಸ್ತಾಪ ಬಂದದ್ದರಿಂದ ಕೇಳುತ್ತೇನೆ: ಬೋರ್ಡಿನ ಕೊನೆಯ ಸಾಲಿನಲ್ಲಿ, ಮಳೆಗಾಲದಲ್ಲಿ ತೋಟದ ಕೆಳಗಿನ ಹಳ್ಳಕ್ಕೆ ಇಳಿಯಬಾರದು ಎನ್ನುವುದಕ್ಕೆ ‘ಯು ಡೋಂಟ್ ಹ್ಯಾವ್ ಟು ಎಂಟರ್ ದ ಸ್ಟ್ರೀಮ್’ ಎಂದು ಬರೆಸಿದ್ದೇನೆ. ಅದು ಸರಿ ತಾನೇ?

ಉತ್ತರ: ಅನುವಾದಕಿ, ಶಿವಮೊಗ್ಗ

ದಯವಿಟ್ಟು ಆ ಸಾಲನ್ನು ಇವತ್ತೇ ಬದಲಾಯಿಸಿ. ‘ಡೋಂಟ್ ಹ್ಯಾವ್ ಟು’ ಎಂದರೆ ‘ಇಳಿಯಬೇಕಾಗಿಲ್ಲ’ ಎಂದಷ್ಟೇ ಅರ್ಥ. ಬೇಕಿದ್ದರೆ ಇಳಿಯಬಹುದು ಎಂಬ ಅನುಮತಿ ಅದರೊಳಗೇ ಇದೆ. ‘ಇಳಿಯಬಾರದು’ ಎನ್ನಲು ‘ಮಸ್ಟ್ ನಾಟ್’ ಬೇಕು, ಫಲಕಕ್ಕಾದರೆ ‘ಡು ನಾಟ್ ಎಂಟರ್’ ಇನ್ನೂ ಚೊಕ್ಕ. ‘ಹ್ಯಾವ್ ಟು’ ಮತ್ತು ‘ಮಸ್ಟ್’ ಎರಡೂ ‘ಬೇಕು’ ಎಂಬ ಅರ್ಥದಲ್ಲಿ ಹೆಚ್ಚುಕಡಿಮೆ ಜೊತೆಯಾಗಿ ಹೋಗುತ್ತವೆ, ನಿಷೇಧಕ್ಕೆ ಬಂದಾಗ ಮಾತ್ರ ಬೇರೆಯಾಗುತ್ತವೆ. ಘಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ಹಳ್ಳದ ನೀರು ಏರುವುದು ನಮಗೆ ಗೊತ್ತು, ಬಯಲುಸೀಮೆಯಿಂದ ಬಂದವರಿಗೆ ಗೊತ್ತಿರುವುದಿಲ್ಲ.

ಪ್ರತಿಕ್ರಿಯೆ: ತೋಟದಮನೆ, ತೀರ್ಥಹಳ್ಳಿ

ಓದಿದ ಕೂಡಲೇ ಆ ಸಾಲಿನ ಮೇಲೆ ಸುಣ್ಣ ಬಳಿದು, ‘ಡು ನಾಟ್ ಎಂಟರ್ ದ ಸ್ಟ್ರೀಮ್’ ಎಂದು ಕೆಂಪು ಬಣ್ಣದಲ್ಲಿ ನಾನೇ ಬರೆದೆ, ಅದರ ಕೆಳಗೆ ಕನ್ನಡದಲ್ಲೂ ಬರೆದೆ. ಕೋಣೆಗಳ ಸಾಲನ್ನು ನಾಳೆ ಪೇಂಟರ್ ಬಂದು ತಿದ್ದುತ್ತಾರೆ.