ಇಂಗ್ಲೆಂಡಿನಲ್ಲಿ ತಂಗಿಯ ಮೇಲೆ ಎನ್‌ಎಂಸಿ (ಅಲ್ಲಿನ ನರ್ಸಿಂಗ್ ಕೌನ್ಸಿಲ್) ಕೇಸ್: ರಾಜೀನಾಮೆ ಕೊಟ್ಟು ಊರಿಗೆ ಬಂದುಬಿಟ್ಟರೆ ಮುಗಿಯುತ್ತಾ?

ಹೇಮಾವತಿ ತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನ ಮಗಳು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಬ್ಯಾಂಡ್ 5 ಸ್ಟಾಫ್ ನರ್ಸ್, ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದಾಳೆ. ನೈಟ್ ಡ್ಯೂಟಿಯಲ್ಲಿ ಜೊತೆಗಿದ್ದ ನರ್ಸ್ 10 ಮಿಲಿಗ್ರಾಂ ಆಕ್ಸಿಕೋಡೋನ್ (ಬಲವಾದ ನೋವಿನ ಔಷಧಿ) ಆಂಪ್ಯೂಲ್ ಒಡೆದು ರೋಗಿಗೆ 5 ಮಿಲಿಗ್ರಾಂ ಕೊಟ್ಟರಂತೆ. ಉಳಿದ 5 ಚೆಲ್ಲಿದ್ದನ್ನು ಇವಳು ನೋಡಿಲ್ಲ. ಆದರೂ ಅವರು ಕೇಳಿದರು ಅಂತ ಸಿಡಿ (ಕಂಟ್ರೋಲ್ಡ್ ಡ್ರಗ್ಸ್, ಅಂದರೆ ನಿಯಂತ್ರಿತ ಔಷಧಿ) ರಿಜಿಸ್ಟರಿನಲ್ಲಿ ಸಾಕ್ಷಿಯಾಗಿ ಸಹಿ ಹಾಕಿದ್ದಾಳೆ. ಬೆಳಿಗ್ಗೆ ಎಣಿಸಿದಾಗ ಸ್ಟಾಕ್ ತಾಳೆಯಾಗಿಲ್ಲ. ಗಾಬರಿಯಲ್ಲಿ ತಾನು ಬರೆದ ಸಮಯವನ್ನು ಅದರ ಮೇಲೆಯೇ ತಿದ್ದಿದ್ದಾಳೆ.

ಈಗ ಆಸ್ಪತ್ರೆಯ ವಿಚಾರಣೆ ಒಂದು ಕಡೆ, ಎನ್‌ಎಂಸಿಗೆ ರೆಫರಲ್ (ದೂರು) ಇನ್ನೊಂದು ಕಡೆ. ಇಂಟರಿಮ್ ಆರ್ಡರ್ ಹಿಯರಿಂಗ್ ಅಂತ ಮೇಲ್ ಬಂದಿದೆ. ಮನೆಯಲ್ಲಿ "ರಾಜೀನಾಮೆ ಬಿಸಾಕಿ ಬಾ" ಅಂತಿದ್ದಾರೆ. ರೂಮ್‌ಮೇಟ್ "ಚೆಲ್ಲಿದ್ದು ನೋಡಿದ್ದೆ ಅಂತಲೇ ಹೇಳು" ಅಂತಾಳೆ. ಲೈಸೆನ್ಸ್ ಹೋಗುತ್ತಾ? ಈಗ ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್ ಉತ್ತರ:

ಮೊದಲು ರೂಮ್‌ಮೇಟ್ ಮಾತಿಗೆ ಕಿವಿ ಮುಚ್ಚಿಕೊಳ್ಳಲಿ. ಔಷಧಿಯ ತಪ್ಪಿಗೆ, ಅವಸರದ ಸಹಿಗೆ ನರ್ಸುಗಳ ಹೆಸರು ಎನ್‌ಎಂಸಿಯ ನೋಂದಣಿ ಪಟ್ಟಿಯಿಂದ ಹೋಗುವುದು ಅಪರೂಪ. ಅದನ್ನು ಮುಚ್ಚಲು ಹೇಳಿದ ಸುಳ್ಳಿಗೆ ಹೋಗುತ್ತದೆ. ಈಗ ಅವಳ ಮೇಲಿರುವುದು ಎರಡು ಬೇರೆ ಬೇರೆ ವಿಷಯ: ನೋಡದೆ ಸಹಿ ಹಾಕಿದ್ದು, ಆಮೇಲೆ ಸಮಯ ತಿದ್ದಿದ್ದು. ವಿಚಾರಣೆಯಲ್ಲೂ ಸುಳ್ಳು ಹೇಳಿದರೆ ಮೂರನೆಯದನ್ನು ತಾನಾಗಿಯೇ ಸೇರಿಸಿದ ಹಾಗೆ. ಆ ಮೂರನೆಯದೇ ಎಲ್ಲಕ್ಕಿಂತ ಭಾರ.

ರಾಜೀನಾಮೆಯಿಂದ ಆಸ್ಪತ್ರೆಯ ಕೆಲಸ ಮುಗಿಯಬಹುದು, ಎನ್‌ಎಂಸಿ ಕೇಸ್ ಮುಗಿಯುವುದಿಲ್ಲ. ಕೇಸ್ ತೆರೆದಿರುವಾಗ ಫೀಸ್ ಕಟ್ಟದೆ ಸುಮ್ಮನಿದ್ದರೂ ಹೆಸರು ತಾನಾಗಿ ಬಿದ್ದುಹೋಗುವುದಿಲ್ಲ; ಕೇಸ್ ಇತ್ಯರ್ಥವಾಗುವ ತನಕ ಹಿಡಿದಿಟ್ಟುಕೊಳ್ಳುತ್ತಾರೆ. ಅವಳು ಬರದಿದ್ದರೆ ಗೈರುಹಾಜರಿಯಲ್ಲೇ ಹಿಯರಿಂಗ್ ನಡೆಸಿ ಆದೇಶ ಕೊಡಬಹುದು. ಅಗ್ರೀಡ್ ರಿಮೂವಲ್ ಅಂತ ಒಂದು ದಾರಿ ಇದೆ, ಒಪ್ಪಿಗೆಯ ಮೇಲೆ ಹೆಸರು ತೆಗೆಸಿಕೊಳ್ಳುವುದು. ಅದು ಅರ್ಜಿ ಅಷ್ಟೇ, ಹಕ್ಕಲ್ಲ. ಮುಂದೆ ನರ್ಸಿಂಗ್ ಮಾಡುವ ಆಸೆ ಇರುವವರಿಗೆ ಅದು ದಾರಿಯೇ ಅಲ್ಲ.

ಇಂಟರಿಮ್ ಆರ್ಡರ್ ಹಿಯರಿಂಗ್ ಅಂದರೆ ತೀರ್ಪು ಅಲ್ಲ. ತಪ್ಪು ಮಾಡಿದಳೋ ಇಲ್ಲವೋ ಎಂದು ಆ ದಿನ ತೀರ್ಮಾನಿಸುವುದೇ ಇಲ್ಲ. ತನಿಖೆ ಮುಗಿಯುವವರೆಗೆ ಅವಳ ಕೆಲಸಕ್ಕೆ ಕಡಿವಾಣ ಬೇಕೇ ಎಂಬುದೊಂದೇ ಪ್ರಶ್ನೆ. ಫಲಿತಾಂಶ ಮೂರೇ: ಏನೂ ಇಲ್ಲ, ಷರತ್ತುಗಳು, ಇಲ್ಲವೇ ತಾತ್ಕಾಲಿಕ ಅಮಾನತು. ಒಮ್ಮೆಗೆ ಗರಿಷ್ಠ 18 ತಿಂಗಳು, ಮೊದಲ ಆರು ತಿಂಗಳೊಳಗೆ ಮರುಪರಿಶೀಲನೆ. ಅದಕ್ಕಿಂತ ಮುಂದಕ್ಕೆ ಎಳೆಯಲು ಎನ್‌ಎಂಸಿ ಕೋರ್ಟಿಗೆ ಹೋಗಬೇಕು. ಆ ದಿನ "ನಾನು ನಿರಪರಾಧಿ" ಅಂತ ವಾದ ಹೂಡಿ ಪ್ರಯೋಜನವಿಲ್ಲ. ಕೈಯಲ್ಲಿರಬೇಕಾದದ್ದು ಮ್ಯಾನೇಜರ್ ಕೊಟ್ಟ ಪತ್ರ: "ಸಿಡಿ ಕೀ ಕೊಡುವುದಿಲ್ಲ, ಔಷಧಿ ಕೊಡುವಾಗ ಮೇಲ್ವಿಚಾರಣೆ ಇರುತ್ತದೆ, ಈ ಷರತ್ತಿನಲ್ಲಿ ಕೆಲಸ ಮಾಡಿಸಲು ನಾವು ತಯಾರು." ಅಂಥ ಪತ್ರ ಇದ್ದರೆ ಅಮಾನತಿನ ಬದಲು ಷರತ್ತು ಸಿಗುವ ಸಾಧ್ಯತೆ ಹೆಚ್ಚು.

ಔಷಧಿ ಕಪಾಟು ಉತ್ತರ:

ರಿಜಿಸ್ಟರ್ ತಿದ್ದಿದ್ದು ಯಾಕೆ ಇಷ್ಟು ದೊಡ್ಡದಾಯಿತು ಅಂತ ಸೇರಿಸುತ್ತೇನೆ. ಆಕ್ಸಿಕೋಡೋನ್ ಅಲ್ಲಿ ಶೆಡ್ಯೂಲ್ 2, ಅಂದರೆ ಕಟ್ಟುನಿಟ್ಟಾಗಿ ನಿಯಂತ್ರಿಸುವ ಔಷಧಿ. 2001ರ ಮಿಸ್‌ಯೂಸ್ ಆಫ್ ಡ್ರಗ್ಸ್ ರೆಗ್ಯುಲೇಷನ್ಸ್ ಪ್ರಕಾರ ರಿಜಿಸ್ಟರಿನಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಅಳಿಸುವಂತಿಲ್ಲ, ಮೇಲೆ ತಿದ್ದುವಂತಿಲ್ಲ. ತಪ್ಪಾದರೆ ಪಕ್ಕದ ಅಂಚಿನಲ್ಲೋ ಪುಟದ ಕೆಳಗೋ ಟಿಪ್ಪಣಿ ಬರೆದು ಆ ದಿನದ ತಾರೀಖು ಹಾಕಬೇಕು, ಮೂಲ ಬರಹ ಓದುವ ಹಾಗೆಯೇ ಉಳಿಯಬೇಕು. 02:10 ಅನ್ನುವುದನ್ನು ಒತ್ತಿ ಬರೆದು 02:40 ಮಾಡಿದರೆ ಅದು ತಿದ್ದುಪಡಿ ಅನ್ನಿಸಿಕೊಳ್ಳುವುದಿಲ್ಲ, ದಾಖಲೆ ತಿರುಚಿದ್ದು ಅನ್ನಿಸಿಕೊಳ್ಳುತ್ತದೆ. ಎನ್‌ಎಂಸಿ ಕೋಡ್‌ನ 10ನೇ ಭಾಗವೂ ಇದನ್ನೇ ಹೇಳುತ್ತದೆ: ಆಗಿಂದಾಗಲೇ ಬರೆಯಿರಿ, ತಡವಾಗಿ ಬರೆದರೆ ತಡವಾಯಿತು ಅಂತ ನಮೂದಿಸಿ, ಸುಳ್ಳು ಬರೆಯಬೇಡಿ.

ಹೊಸದಾಗಿ ಹೋದವರು ಎಡವುವುದು ಸಾಕ್ಷಿ ಸಹಿಯಲ್ಲೇ. ಎರಡನೇ ಸಹಿ ಅಂದರೆ ಕಪಾಟಿನಿಂದ ತೆಗೆದದ್ದು, ಸಿರಿಂಜಿಗೆ ಎಳೆದದ್ದು, ರೋಗಿಗೆ ಕೊಟ್ಟದ್ದು, ಉಳಿದದ್ದನ್ನು ಡಿನೇಚರಿಂಗ್ ಡಬ್ಬಿಗೆ (ಔಷಧಿಯನ್ನು ಮತ್ತೆ ಬಳಸಲಾಗದಂತೆ ಮಾಡುವ ಡಬ್ಬಿ) ಹಾಕಿದ್ದು, ಎಲ್ಲವನ್ನೂ ಕಣ್ಣಾರೆ ಕಂಡೆ ಅಂತ. ಜೊತೆಯವರು ಕೇಳಿದರು ಅನ್ನುವುದು ಸಂದರ್ಭ ವಿವರಿಸಲು ಸರಿ, ಸಮರ್ಥನೆಗೆ ಸಾಲದು.

ಇನ್ನೊಂದು. ಸ್ಟಾಕ್ ಕಮ್ಮಿ ಬಂದಿದೆ ಅಂದರೆ ಆಸ್ಪತ್ರೆಯ ಸಿಡಿ ಅಕೌಂಟಬಲ್ ಆಫೀಸರ್‌ಗೆ (ಈ ಔಷಧಿಗಳ ಹೊಣೆ ಹೊತ್ತ ಅಧಿಕಾರಿ) ವರದಿ ಹೋಗಿರುತ್ತದೆ, ಪೊಲೀಸರಿಗೂ ಹೋಗಬಹುದು. ಪೊಲೀಸರು ಮಾತಾಡಲು ಕರೆದರೆ ಸಾಲಿಸಿಟರ್ ಇಲ್ಲದೆ ಒಂದು ಮಾತೂ ಆಡದಿರಲಿ. ಸ್ಟೇಷನ್‌ನಲ್ಲಿ ಆ ಸಲಹೆ ಉಚಿತ. ಪೊಲೀಸ್ ವಿಷಯ ತೆರೆದಿರುವಾಗ ಆಸ್ಪತ್ರೆಗೆ ಕೊಡುವ ಲಿಖಿತ ಹೇಳಿಕೆಯನ್ನೂ ವಕೀಲರಿಗೆ ತೋರಿಸಿಯೇ ಕೊಡಬೇಕು. ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ಅಜಗಜಾಂತರ.

ಲೀಡ್ಸ್ ಕನ್ನಡಿಗ ಉತ್ತರ:

ತಂಗಿ ಯೂನಿಯನ್ ಸದಸ್ಯೆಯಾ? ಆರ್‌ಸಿಎನ್ ಅಥವಾ ಯೂನಿಸನ್? ಘಟನೆ ನಡೆದ ದಿನಕ್ಕೆ ಸದಸ್ಯತ್ವ ಇದ್ದರೆ ಇವತ್ತೇ ಫೋನ್ ಮಾಡಲಿ. ಈಗ ಸೇರಿದರೆ ಹಳೆಯ ಘಟನೆಗೆ ಸಾಮಾನ್ಯವಾಗಿ ಪ್ರತಿನಿಧಿ ಕೊಡುವುದಿಲ್ಲ. "ಆಸ್ಪತ್ರೆಯ ಇಂಡೆಮ್ನಿಟಿ ಇದೆಯಲ್ಲ" ಅಂತ ಎಷ್ಟೋ ಜನ ನಂಬಿಕೊಂಡಿರುತ್ತಾರೆ. ಅದು ರೋಗಿ ಪರಿಹಾರ ಕೇಳಿದಾಗ ಬರುವಂಥದ್ದು, ಎನ್‌ಎಂಸಿ ಮುಂದೆ ವಕೀಲರನ್ನು ನಿಲ್ಲಿಸುವುದಿಲ್ಲ.

ಆಸ್ಪತ್ರೆಯ ಶಿಸ್ತು ವಿಚಾರಣೆಗೆ ಯೂನಿಯನ್ ಪ್ರತಿನಿಧಿಯನ್ನೋ ಸಹೋದ್ಯೋಗಿಯನ್ನೋ ಕರೆದೊಯ್ಯುವುದು ಕಾನೂನಿನ ಹಕ್ಕು. ಮೊದಲಿನ ತನಿಖಾ ಭೇಟಿಗೆ ಆ ಹಕ್ಕು ಕಾನೂನಿನಲ್ಲಿಲ್ಲ, ಆದರೆ ಕೇಳಲಿ, ಬಹಳ ಕಡೆ ಬಿಡುತ್ತಾರೆ.

ವೀಸಾ ಲೆಕ್ಕ ಮರೆಯಬೇಡಿ. ಕೆಲಸ ಹೋದರೆ ಆಸ್ಪತ್ರೆ ಹೋಮ್ ಆಫೀಸಿಗೆ ತಿಳಿಸುತ್ತದೆ, ಆಮೇಲೆ ಸಾಮಾನ್ಯವಾಗಿ 60 ದಿನದಲ್ಲಿ ಹೊಸ ಸ್ಪಾನ್ಸರ್ (ವೀಸಾಕ್ಕೆ ಹೊಣೆ ನಿಲ್ಲುವ ಉದ್ಯೋಗದಾತ) ಹುಡುಕಬೇಕು. ಇಂಟರಿಮ್ ಷರತ್ತು ಇಟ್ಟುಕೊಂಡು ಹೊಸ ಸ್ಪಾನ್ಸರ್ ಹಿಡಿಯುವುದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ದುಡುಕಿ ರಾಜೀನಾಮೆ ಬೇಡ ಅನ್ನುವುದು. ಅಲ್ಲಿ ಇಲ್ಲಿ ಏಜೆನ್ಸಿ ಶಿಫ್ಟ್ ಮಾಡುತ್ತಿದ್ದರೆ, ನಿರ್ಬಂಧ ಬಂದ ಕೂಡಲೇ ಅವರಿಗೂ ತಿಳಿಸಲೇಬೇಕು.

ಹೇಮಾವತಿ ತೀರ:

ತುಂಬಾ ಥ್ಯಾಂಕ್ಸ್. ಆರ್‌ಸಿಎನ್ ಸದಸ್ಯತ್ವ ಮೊದಲಿನಿಂದಲೂ ಇದೆಯಂತೆ, ಫೋನ್ ಮಾಡಿದ್ದಾಳೆ. ರಿಫ್ಲೆಕ್ಷನ್ (ನಡೆದದ್ದರ ಆತ್ಮವಿಮರ್ಶೆ) ಬರೆದುಕೊಡು ಅಂತ ಮ್ಯಾನೇಜರ್ ಹೇಳಿದ್ದಾರೆ, ಇಂಟರ್ನೆಟ್‌ನಲ್ಲಿ ಒಂದು ಮಾದರಿ ಸಿಕ್ಕಿದೆ ಅಂದಳು. ಅದನ್ನೇ ಕೊಡಬಹುದಾ? ಒಟ್ಟಾರೆ ಕೊನೆಗೆ ಏನಾಗಬಹುದು?

ವಾರ್ಡ್ ಸಿಸ್ಟರ್ ಉತ್ತರ:

ಮಾದರಿ ಬೇಡವೇ ಬೇಡ. "ನಾನು ಇನ್ನು ಮುಂದೆ ಜಾಗರೂಕಳಾಗಿರುತ್ತೇನೆ" ಅನ್ನುವ ಪುಟಗಳು ಪ್ಯಾನೆಲ್ ಮುಂದೆ ರಾಶಿ ಬಿದ್ದಿರುತ್ತವೆ. ಅವಳದೇ ರಾತ್ರಿ, ಅವಳದೇ ಸಹಿ ಕಾಣಬೇಕು. ಬೇಡ ಅನ್ನಲು ಯಾಕೆ ಆಗಲಿಲ್ಲ? ಆ 5 ಮಿಲಿಗ್ರಾಂ ಬೇರೆ ಕೈಗೆ ಹೋಗಿದ್ದರೆ ರೋಗಿಗೆ, ವಾರ್ಡಿಗೆ ಏನಾಗುತ್ತಿತ್ತು? ಇದೆಲ್ಲ ಕೇಳಿದ ಜನ ನರ್ಸುಗಳನ್ನು ಹೇಗೆ ನಂಬಬೇಕು? ನಾಳೆ ಜೊತೆಯವರು ಮತ್ತೆ ಕೇಳಿದರೆ ಏನು ಉತ್ತರ? ಸಮಯ ತಿದ್ದಿದ್ದಕ್ಕೆ ಪ್ರತ್ಯೇಕ ಪ್ಯಾರಾ ಇರಲಿ, "ಗಾಬರಿಯಾಯಿತು" ಅನ್ನುವಲ್ಲಿಗೆ ನಿಲ್ಲಿಸಬಾರದು. ಬರೆದದ್ದನ್ನು ಆರ್‌ಸಿಎನ್ ನೋಡಿದ ಮೇಲೆಯೇ ಕೊಡಲಿ.

ಜೊತೆಗೆ ಸಿಡಿ ಔಷಧಿಗಳ ತರಬೇತಿ, ಸಾಧ್ಯವಾದರೆ ವಾರ್ಡಿನಲ್ಲೇ ಯಾರಾದರೂ ನೋಡಿ ಸಹಿ ಮಾಡಿದ ಕಾಂಪಿಟೆನ್ಸಿ ಶೀಟ್ (ಕೆಲಸ ಸರಿಯಾಗಿ ಬರುತ್ತದೆ ಅನ್ನುವ ದಾಖಲೆ). ಬರೀ ಆನ್‌ಲೈನ್ ಸರ್ಟಿಫಿಕೇಟ್ ತೂಕ ಕಮ್ಮಿ. ಸಹೋದ್ಯೋಗಿಗಳ ಪತ್ರದಲ್ಲಿ ಸಹಿ, ತಾರೀಖು, ಹುದ್ದೆ ಇರಬೇಕು, "ಅವಳ ಮೇಲಿನ ಆರೋಪ ಏನು ಅಂತ ನನಗೆ ಗೊತ್ತು" ಅನ್ನುವ ಸಾಲು ಇರಲೇಬೇಕು. ಆ ಸಾಲಿಲ್ಲದ ಹೊಗಳಿಕೆ ಪತ್ರಕ್ಕೆ ಬೆಲೆ ಇಲ್ಲ.

ಎನ್‌ಎಂಸಿಯಲ್ಲಿ ಕೇಸ್ ಮೊದಲು ಸ್ಕ್ರೀನಿಂಗ್ (ಆರಂಭದ ಪರಿಶೀಲನೆ), ಆಮೇಲೆ ತನಿಖೆ, ಆಮೇಲೆ ಇಬ್ಬರು ಕೇಸ್ ಎಕ್ಸಾಮಿನರ್‌ಗಳ ಕೈಗೆ. ಅವರು ಅಲ್ಲೇ ಮುಗಿಸಬಹುದು, ಎಚ್ಚರಿಕೆ ಕೊಡಬಹುದು, ಮುಂದಕ್ಕೆ ಕಳಿಸಬಹುದು. ಕಳಿಸಿದರೆ ಮೂವರ ಪ್ಯಾನೆಲ್, ಅದರಲ್ಲಿ ಕಡೇಪಕ್ಷ ಒಬ್ಬರು ವೃತ್ತಿಯವರು, ಒಬ್ಬರು ಹೊರಗಿನವರು. ಮೊದಲು ಸಂಗತಿ ಸಾಬೀತಾಯಿತೇ ಅಂತ ನೋಡುತ್ತಾರೆ, ಇಲ್ಲಿ ಕ್ರಿಮಿನಲ್ ಕೋರ್ಟಿನ ಮಟ್ಟ ಬೇಡ, ನಡೆದಿರುವ ಸಂಭವ ಹೆಚ್ಚು ಅಂದರೆ ಸಾಕು. ಆಮೇಲೆ ಈಗಲೂ ಅವಳು ಕೆಲಸಕ್ಕೆ ಯೋಗ್ಯಳೇ ಅಂತ. "ಈಗಲೂ" ಅನ್ನುವುದರಲ್ಲೇ ರಿಫ್ಲೆಕ್ಷನ್, ತರಬೇತಿ, ಆ ನಂತರದ ತಪ್ಪಿಲ್ಲದ ಕೆಲಸ ಎಲ್ಲ ಲೆಕ್ಕಕ್ಕೆ ಬರುತ್ತವೆ. ಕೊನೆಗೆ ಕ್ರಮ: ಏನೂ ಇಲ್ಲ, 1ರಿಂದ 5 ವರ್ಷದ ಕಾಷನ್ (ಎಚ್ಚರಿಕೆಯ ಆದೇಶ), 3 ವರ್ಷದವರೆಗೆ ಷರತ್ತು, 1 ವರ್ಷದವರೆಗೆ ಅಮಾನತು, ಇಲ್ಲವೇ ಸ್ಟ್ರೈಕ್ ಆಫ್ (ಪಟ್ಟಿಯಿಂದ ಹೆಸರು ತೆಗೆಯುವುದು). ಸ್ಟ್ರೈಕ್ ಆಫ್ ಆದರೆ 5 ವರ್ಷ ಕಳೆಯದೆ ಮರಳಿ ಅರ್ಜಿ ಹಾಕುವಂತಿಲ್ಲ. ಮೇಲ್ಮನವಿಗೆ 28 ದಿನ, ಹೈಕೋರ್ಟಿಗೆ.

ಅಪ್ರಾಮಾಣಿಕತೆಯಲ್ಲೂ ಹೆಚ್ಚು ಕಮ್ಮಿ ಇದೆ. ಒಂದೇ ಸಲ, ಆ ಕ್ಷಣದ ಗಾಬರಿ, ಸ್ವಂತ ಲಾಭವಿಲ್ಲ, ಬೇಗ ಒಪ್ಪಿಕೊಂಡಿದ್ದು ಅಂದರೆ ಕೆಳಗಿನ ತುದಿ. ಯೋಚಿಸಿ ಮಾಡಿದ್ದು, ಪದೇ ಪದೇ, ರೋಗಿಗೆ ಆದ ಹಾನಿ ಮುಚ್ಚಲು ಅಂದರೆ ಮೇಲಿನ ತುದಿ. ನೀವು ಹೇಳಿದಷ್ಟೇ ಆಗಿದ್ದರೆ ಅವಳು ಕೆಳಗಿನ ಕಡೆ ಇದ್ದಾಳೆ. ಆದರೆ ತಾಳೆಯಾಗದ ಔಷಧಿ ಯಾರ ಕೈಗೆ ಹೋಯಿತು ಅನ್ನುವುದರ ಮೇಲೆ ಎಲ್ಲ ಬದಲಾಗಬಹುದು.

ಘಟ್ಟದ ಕೆಳಗಿನವ ಉತ್ತರ:

ಊರಿಗೆ ಬರುವ ಯೋಚನೆ ಬಗ್ಗೆ ಒಂದು ಮಾತು. ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಎನ್‌ಎಂಸಿ ಆದೇಶದಿಂದ ತಾನಾಗಿ ಹೋಗುವುದಿಲ್ಲ, ಎರಡೂ ಬೇರೆ ಕಾನೂನು. ಹಾಗಂತ ಅಲ್ಲಿಯದು ಅಲ್ಲಿಗೇ ಉಳಿಯುವುದೂ ಇಲ್ಲ. ಆಸ್ಟ್ರೇಲಿಯಾ, ಐರ್ಲೆಂಡ್, ಎಲ್ಲಿಗೆ ಅರ್ಜಿ ಹಾಕಿದರೂ ಹಿಂದೆ ಕೆಲಸ ಮಾಡಿದ ದೇಶದ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಪತ್ರ (ನೋಂದಣಿ ಹೇಗಿದೆ ಅಂತ ತಿಳಿಸುವ ಪತ್ರ) ಕೇಳುತ್ತಾರೆ, ಎಂದಾದರೂ ತನಿಖೆ ನಡೆದಿದೆಯೇ ಅಂತ ಫಾರಂನಲ್ಲೇ ಪ್ರಶ್ನೆ ಇರುತ್ತದೆ. ಅಲ್ಲಿ "ಇಲ್ಲ" ಅಂತ ಟಿಕ್ ಹಾಕಿದರೆ ಮತ್ತೆ ಅದೇ ಅಪ್ರಾಮಾಣಿಕತೆಯ ಆರೋಪ, ಈ ಸಲ ಬೇರೆ ದೇಶದಲ್ಲಿ.

ಎನ್‌ಎಂಸಿ ಆನ್‌ಲೈನ್ ಖಾತೆಯಲ್ಲಿ ವಿಳಾಸ, ಮೇಲ್ ಸರಿ ಇದೆಯೇ ಅಂತ ಇವತ್ತೇ ನೋಡಿಕೊಳ್ಳಲಿ. ರೂಮ್ ಬದಲಿಸಿ ಹಳೆಯ ವಿಳಾಸವನ್ನೇ ಬಿಟ್ಟಿರುವವರು ಬಹಳ. ದಾಖಲೆಯಲ್ಲಿರುವ ವಿಳಾಸಕ್ಕೆ ನೋಟಿಸ್ ಕಳಿಸಿದರೆ ಸಾಕು, ಸಿಗಲಿಲ್ಲ ಅಂದರೆ ಕೇಳುವುದಿಲ್ಲ.